ನಿರುದ್ಯೋಗವೆಂಬ ಅಭಾವ

ನಿರುದ್ಯೋಗದ ಎಣಿಕೆಯೆಂದರೆ ಇಲ್ಲದಿರುವುದರ ಎಣಿಕೆ. ಎತ್ತು, ಮಗ್ಗ, ಅಂಗಡಿ, ಕೊಳವೆಬಾವಿಗಳನ್ನು ಎಣಿಸುವವನ ಕಣ್ಣೆದುರು ಒಂದು ವಸ್ತು ಇರುತ್ತದೆ. ನಿರುದ್ಯೋಗವನ್ನು ಎಣಿಸಲು ಹೊರಟವನ ಎದುರು ಕೂತಿರುವುದು ಒಬ್ಬ ಮನುಷ್ಯ. ಎಣಿಸಬೇಕಾದದ್ದು ಆ ಮನುಷ್ಯನ ಬಳಿ ಇಲ್ಲದಿರುವ ಒಂದನ್ನು. ಇಲ್ಲದಿರುವುವು ಸಾವಿರ ಇರಬಹುದು. ಅವುಗಳಲ್ಲಿ ಯಾವುದು ಇಲ್ಲದಿದ್ದರೆ ನಿರುದ್ಯೋಗ? ಪತ್ರಿಕೆಯಲ್ಲಿ ಶೇಕಡಾ ಇಷ್ಟು ಎಂದು ಅಚ್ಚಾಗುವ ಅಂಕಿ, ಈ ಪ್ರಶ್ನೆಗೆ ಯಾವುದೋ ಸಮಿತಿ ಎಂದೋ ಕೊಟ್ಟ ಉತ್ತರದ ಮೇಲೆ ನಿಂತಿರುತ್ತದೆ. ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಉತ್ತರ ಬೀಳುವುದಿಲ್ಲ.

‘ಇಲ್ಲ’ ಎಂಬುದರ ಸ್ವರೂಪವನ್ನು ಭಾರತೀಯ ದರ್ಶನಕಾರರು ಬಹಳ ಪಟ್ಟು ಹಿಡಿದು ವಿಚಾರಿಸಿದ್ದಾರೆ. ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿದರು. ಮಧ್ವಮತದ ಹತ್ತು ಪದಾರ್ಥಗಳಲ್ಲಿಯೂ ಅಭಾವ ಒಂದು. ಪ್ರಾಭಾಕರ ಮೀಮಾಂಸಕರು ಮಾತ್ರ ಇದನ್ನು ಬೇರೊಂದು ಪದಾರ್ಥವೆಂದು ಒಪ್ಪಲಿಲ್ಲ. ಮಡಕೆ ಇಲ್ಲದ ನೆಲವೆಂದರೆ ಬರಿಯ ನೆಲ, ಅದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ ಎಂದರು. ನೈಯಾಯಿಕರು ಬಿಡಲಿಲ್ಲ. ಮಡಕೆ ಇದ್ದಾಗಲೂ ನೆಲ ಇತ್ತು, ಈಗಲೂ ಇದೆ. ಹಾಗಿದ್ದರೆ ‘ಇಲ್ಲಿ ಮಡಕೆ ಇಲ್ಲ’ ಎಂಬ ತಿಳಿವು ಯಾವುದರ ತಿಳಿವು ಎಂಬುದು ಅವರ ಪ್ರಶ್ನೆ. ಈ ಜಗಳದಿಂದ ಎರಡು ಪಾರಿಭಾಷಿಕ ಪದಗಳು ಹುಟ್ಟಿದವು, ನಿರುದ್ಯೋಗದ ಚರ್ಚೆಗೆ ಎರಡೂ ಬೇಕು. ಯಾವುದು ಇಲ್ಲವೋ ಅದು ಪ್ರತಿಯೋಗಿ. ಎಲ್ಲಿ ಇಲ್ಲವೋ ಅದು ಅನುಯೋಗಿ. ಇವೆರಡನ್ನೂ ಹೇಳದೆ ಬರಿದೆ ‘ಅಭಾವ’ ಎಂದರೆ ಮಾತಿಗೆ ಅರ್ಥವೇ ಬರುವುದಿಲ್ಲ. ನವ್ಯನ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೀಲಿ ಮಡಕೆ ಇಲ್ಲವೆಂದ ಮಾತ್ರಕ್ಕೆ ಮಡಕೆಯೇ ಇಲ್ಲವೆಂದಾಗದು. ಪ್ರತಿಯೋಗಿಯನ್ನು ಯಾವ ಧರ್ಮದಿಂದ ಬೇರ್ಪಡಿಸಿ ಹೇಳಲಾಗಿದೆ ಎಂಬುದನ್ನೂ ನೋಡಬೇಕು. ಆ ಬೇರ್ಪಡಿಸುವ ಧರ್ಮಕ್ಕೆ ಅವಚ್ಛೇದಕವೆಂದು ಹೆಸರು.

ಕಲಬುರಗಿ ಸೀಮೆಯ ಒಂದು ಮನೆಯಲ್ಲಿ ತಂದೆಯೊಬ್ಬ ‘ಮಗಗ ನೌಕರಿ ಇಲ್ಲರಿ, ಹೊಲ ನೋಡ್ಕೊಂಡು ಅದಾನ’ ಎಂದರೆ ಈ ಅವಚ್ಛೇದಕದ ಕಾಟ ಶುರುವಾಗುತ್ತದೆ. ಆ ಮಾತಿನಲ್ಲಿ ಇಲ್ಲದಿರುವುದು ನೌಕರಿ, ಕೆಲಸವಲ್ಲ. ಆ ಭಾಗದ ಆಡುಮಾತಿನಲ್ಲಿ ನೌಕರಿ, ಕೂಲಿ, ಒಕ್ಕಲುತನ, ದಂಧೆ, ಕೆಲಸ ಇವು ಒಂದಕ್ಕೊಂದು ಬದಲಿಯಾಗಿ ನಿಲ್ಲುವ ಪದಗಳಲ್ಲ. ತಿಂಗಳ ಪಗಾರ ಬರುವುದು ನೌಕರಿ. ದಿನದ ಲೆಕ್ಕದ್ದು ಕೂಲಿ. ಸ್ವಂತ ಹೊಲದ್ದು ಒಕ್ಕಲುತನ. ಬಿ.ಎ. ಮುಗಿಸಿದ ಹುಡುಗ ತೊಗರಿ ಹೊಲದಲ್ಲಿ ದಿನವಿಡೀ ದುಡಿದರೂ ಊರಿನ ಲೆಕ್ಕದಲ್ಲಿ ‘ಖಾಲಿ’, ‘ಬೇಕಾರ’. ಸರ್ಕಾರದ ಸಮೀಕ್ಷೆಯ ಲೆಕ್ಕದಲ್ಲಿ ಅವನು ಕುಟುಂಬದ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವ ಕೆಲಸಗಾರ, ಸಂಕೇತ ಸಂಖ್ಯೆ 21, ಅರ್ಥಾತ್ ಉದ್ಯೋಗಸ್ಥ. ಅರ್ಥಶಾಸ್ತ್ರದ ಪಠ್ಯಪುಸ್ತಕ ತೆರೆದರೆ ಅವನೇ ಮರೆಮಾಚಿದ ನಿರುದ್ಯೋಗದ ಉದಾಹರಣೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂರು ಬೇರೆ ಬೇರೆ ಮಡಕೆಗಳನ್ನು ಹುಡುಕುತ್ತಿದ್ದಾರೆ.

ಕನ್ನಡದ ‘ನಿರುದ್ಯೋಗ’ ಎಂಬ ಪದದೊಳಗೇ ಒಂದು ತೊಡಕಿದೆ. ಸಂಸ್ಕೃತದಲ್ಲಿ ಉದ್ಯೋಗವೆಂದರೆ ಪ್ರಯತ್ನ, ಸನ್ನಾಹ. ಮಹಾಭಾರತದ ಉದ್ಯೋಗಪರ್ವ ಯಾರೂ ಸಂಬಳಕ್ಕೆ ಸೇರಿದ ಕಥೆಯಲ್ಲ, ಯುದ್ಧದ ಸಿದ್ಧತೆಯ ಕಥೆ. ಆ ಬೇರಿನ ಪ್ರಕಾರ ನಿರುದ್ಯೋಗಿ ಎಂದರೆ ಪ್ರಯತ್ನ ಮಾಡದವನು. ಆದರೆ ಅಂಕಿಸಂಖ್ಯಾಶಾಸ್ತ್ರದ ನಿರುದ್ಯೋಗಿ ಪ್ರಯತ್ನ ಮಾಡುತ್ತಿರುವವನೇ. ಪ್ರಯತ್ನ ಬಿಟ್ಟವನು ನಿರುದ್ಯೋಗಿಯ ಪಟ್ಟಿಯಿಂದಲೇ ಹೊರಬೀಳುತ್ತಾನೆ. ಪದ ಆರೋಪಿಸುವ ದೋಷ ಯಾರಲ್ಲಿಲ್ಲವೋ ಅವರಿಗೇ ಆ ಪದವನ್ನು ಹಚ್ಚಲಾಗಿದೆ. ಉರ್ದುವಿನಿಂದ ಬಂದು ಉತ್ತರ ಕರ್ನಾಟಕದಲ್ಲಿ ನೆಲೆನಿಂತ ‘ಬೇಕಾರ’ ಇದಕ್ಕಿಂತ ನಿಷ್ಪಕ್ಷಪಾತಿ: ಕೆಲಸ ಇಲ್ಲ, ಅಷ್ಟೇ.

ತರ್ಕಗ್ರಂಥಗಳು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಎರಡು ವಸ್ತುಗಳು ಒಂದೇ ಅಲ್ಲವೆಂದು ಹೇಳುವ ಅನ್ಯೋನ್ಯಾಭಾವವನ್ನು ಇಲ್ಲಿ ಬಿಡಬಹುದು. ಉಳಿದ ಮೂರು ಕಾರ್ಮಿಕ ಮಾರುಕಟ್ಟೆಗೆ ಚೆನ್ನಾಗಿ ಹೊಂದುತ್ತವೆ. ಮಡಕೆ ಇನ್ನೂ ತಯಾರಾಗುವ ಮೊದಲು ಮಣ್ಣಿನಲ್ಲಿರುವ ಅದರ ಅಭಾವ ಪ್ರಾಗಭಾವ: ಪದವಿ ಮುಗಿಸಿ ಮೊದಲ ನೌಕರಿಗೆ ಕಾದಿರುವವನದು ಇದು. ಒಡೆದ ಮೇಲಿನದು ಪ್ರಧ್ವಂಸಾಭಾವ: ಗಿರಣಿ ಮುಚ್ಚಿ ಬೀದಿಗೆ ಬಿದ್ದವನದು. ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಒಂದು ತಾಲ್ಲೂಕಿನಲ್ಲಿ ಹೆಂಗಸರಿಗೆ ಸಂಬಳದ ಕೆಲಸ ಎಂದೂ ಇರಲಿಲ್ಲ, ಈಗಲೂ ಇಲ್ಲ, ಬರುವ ಸೂಚನೆಯೂ ಇಲ್ಲವೆಂದರೆ ಅದು ಈ ಮೂರನೆಯದು. ಮೊದಲೆರಡನ್ನು ಸಮೀಕ್ಷೆ ಸುಲಭವಾಗಿ ಹಿಡಿಯುತ್ತದೆ. ಮೂರನೆಯದು ಅದರ ಬಲೆಗೆ ಬೀಳುವುದೇ ಇಲ್ಲ. ಯಾಕೆ ಬೀಳುವುದಿಲ್ಲವೆಂಬುದಕ್ಕೂ ಮೀಮಾಂಸೆಯಲ್ಲಿ ಉತ್ತರವಿದೆ.

ಭಾಟ್ಟ ಮೀಮಾಂಸಕರು ಅಭಾವವನ್ನು ತಿಳಿಯಲು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಆದರೆ ಕಾಣದಿದ್ದದ್ದೆಲ್ಲ ಇಲ್ಲವೆಂದಲ್ಲ. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದು ಸಾಧಿಸಿದಂತಾಗಲಿಲ್ಲ. ಇದ್ದಿದ್ದರೆ ಕಾಣಬೇಕಾಗಿತ್ತು ಎಂಬಂಥ ಸ್ಥಿತಿಯಲ್ಲಿ ಕಾಣದಿರಬೇಕು. ಈ ಯೋಗ್ಯತೆಯ ಷರತ್ತನ್ನೇ ಆಧುನಿಕ ಅಂಕಿಸಂಖ್ಯಾಶಾಸ್ತ್ರ ತನ್ನ ಭಾಷೆಯಲ್ಲಿ ‘ಹುಡುಕಾಟ’ ಎನ್ನುತ್ತದೆ. ಕೆಲಸವನ್ನು ಹುಡುಕಿ, ಸಿಗದಿದ್ದವನಷ್ಟೇ ಅದರ ಅಭಾವಕ್ಕೆ ಸಾಕ್ಷಿ.

ಈ ಷರತ್ತಿನ ಇತಿಹಾಸ ಹಳೆಯದು, ಅದು ಶುರುವಾದದ್ದೂ ಒಂದು ಪ್ರಾಂತ್ಯದಲ್ಲೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾರ್ಮಿಕ ಅಂಕಿಅಂಶ ಇಲಾಖೆಯ ಮುಖ್ಯಸ್ಥ ಕ್ಯಾರಲ್ ರೈಟ್ 1878ರಲ್ಲಿ ಕೆಲಸವಿಲ್ಲದವರನ್ನು ಎಣಿಸಲು ಹೊರಟಾಗ, ಮೈಯಲ್ಲಿ ಕಸುವಿರುವ, ವಯಸ್ಸಿಗೆ ಬಂದ, ನಿಜವಾಗಿ ಕೆಲಸ ಬೇಕೆನ್ನುವ ಗಂಡಸರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡ. ‘ಬೇಕು’ ಎಂಬ ಮನಸ್ಸಿನ ಸಂಗತಿ ಅಂದೇ ಲೆಕ್ಕದ ಪುಸ್ತಕಕ್ಕೆ ಹೊಕ್ಕಿತು. ಹೆಂಗಸರು ಅಂದೇ ಹೊರಗುಳಿದರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ 1982ರಲ್ಲಿ ಸೇರಿದ ಕಾರ್ಮಿಕ ಅಂಕಿಸಂಖ್ಯಾತಜ್ಞರ ಸಮ್ಮೇಳನ ಮೂರು ಷರತ್ತುಗಳನ್ನು ನಿಗದಿ ಮಾಡಿತು: ಕೆಲಸವಿಲ್ಲದಿರಬೇಕು, ಕೆಲಸಕ್ಕೆ ಸಿದ್ಧವಿರಬೇಕು, ಕೆಲಸ ಹುಡುಕುತ್ತಿರಬೇಕು. ಹುಡುಕುವ ದಾರಿಗಳೇ ಇಲ್ಲದ ಸಮಾಜಗಳಲ್ಲಿ ಮೂರನೆಯ ಷರತ್ತನ್ನು ಸಡಿಲಿಸಬಹುದೆಂದು ಅದೇ ನಿರ್ಣಯ ಒಪ್ಪಿತು. ಭಾರತದ ಸಮೀಕ್ಷೆಗಳು ಈ ಸಡಿಲಿಕೆಯನ್ನು ಬಳಸುತ್ತವೆ. ಹುಡುಕುತ್ತಿದ್ದರೂ ಸರಿ, ಸಿಕ್ಕರೆ ಮಾಡಲು ಸಿದ್ಧವಿದ್ದರೂ ಸರಿ. ಆದರೆ ಸಿದ್ಧವಿರುವುದೂ ಒಂದು ಇಚ್ಛೆಯೇ, ಅದೂ ಕಂಡದ್ದರ ಕಡೆಗೆ ಹರಿಯುವಂಥದ್ದು. ಸುತ್ತ ಇಪ್ಪತ್ತು ಮೈಲಿಯಲ್ಲಿ ಒಂದು ಕಾರ್ಖಾನೆಯನ್ನೂ ಕಾಣದ ಹೆಣ್ಣುಮಗಳನ್ನು ‘ಕೆಲಸಕ್ಕೆ ಸಿದ್ಧವಿದ್ದೀರಾ’ ಎಂದು ಕೇಳುವುದು ಕತ್ತಲೆಯ ಕೋಣೆಯಲ್ಲಿ ಮಡಕೆ ಕಂಡಿತೇ ಎಂದು ಕೇಳಿದಂತೆ.

ಭಾರತಕ್ಕೆ ಒಂದೇ ಅಳತೆಗೋಲು ಸಾಲದು ಎಂದು ಸ್ಪಷ್ಟವಾಗಿ ಹೇಳಿದ್ದು ಎಂ.ಎಲ್. ದಾಂತವಾಲಾ ನೇತೃತ್ವದ ತಜ್ಞರ ಸಮಿತಿ, 1970ರಲ್ಲಿ. ಸಂಬಳದ ಕೆಲಸವೇ ಪ್ರಧಾನವಾದ ದೇಶಗಳಿಂದ ತಂದ ‘ಒಟ್ಟು ನಿರುದ್ಯೋಗ’ವೆಂಬ ಒಂಟಿ ಅಂಕಿ, ಸ್ವಂತ ಹೊಲ ಮತ್ತು ಬಿಡಿ ಕೂಲಿಯ ಮೇಲೆ ನಿಂತ ದೇಶಕ್ಕೆ ಒಪ್ಪುವುದಿಲ್ಲವೆಂದು ಅದು ವಾದಿಸಿತು. ಅದರ ಫಲವಾಗಿ 1972–73ರ 27ನೆಯ ಸುತ್ತಿನಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಮೂರು ಗೋಲುಗಳನ್ನು ಹಿಡಿಯಿತು. ವಾಡಿಕೆಯ ಸ್ಥಿತಿ ಹಿಂದಿನ 365 ದಿನಗಳನ್ನು ನೋಡುತ್ತದೆ. ವಾರದ ಸ್ಥಿತಿ ಹಿಂದಿನ ಏಳು ದಿನಗಳನ್ನು ನೋಡುತ್ತದೆ. ಅಷ್ಟರಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೆ ಉದ್ಯೋಗಸ್ಥ. ದಿನದ ಸ್ಥಿತಿ ಅದೇ ವಾರವನ್ನು ಹದಿನಾಲ್ಕು ಅರ್ಧ ದಿನಗಳಾಗಿ ಸೀಳುತ್ತದೆ. 2017ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆ, ಪಿಎಲ್‌ಎಫ್‌ಎಸ್ ಎಂದು ಪತ್ರಿಕೆಗಳು ಕರೆಯುವುದು, ಮುಖ್ಯವಾಗಿ ಮೊದಲೆರಡು ಗೋಲುಗಳ ಮೇಲೆ ನಿಂತಿದೆ.

ಗೋಲುಗಳ ವ್ಯತ್ಯಾಸ ಏನು ಮಾಡುತ್ತದೆಂಬುದನ್ನು ತೊಗರಿಯ ನಾಡಿನ ಒಬ್ಬ ಕೂಲಿ ಹೆಂಗಸಿನ ವರ್ಷವನ್ನು ಕಲ್ಪಿಸಿಕೊಂಡು ನೋಡಬಹುದು. ಮುಂಗಾರಿನಲ್ಲಿ ಕಸ ತೆಗೆಯಲು ಹದಿನೈದು ದಿನ, ಡಿಸೆಂಬರ್–ಜನವರಿಯಲ್ಲಿ ಕಟಾವು ಮತ್ತು ರಾಶಿಗೆ ಇಪ್ಪತ್ತೈದು ದಿನ ಕೂಲಿಗೆ ಹೋದಳು. ಉಳಿದ ದಿನ ಮನೆ, ಮಕ್ಕಳು, ನೀರು, ಉರುವಲು. ಮೇ ತಿಂಗಳಲ್ಲಿ ಗಣತಿದಾರ ಬಾಗಿಲಿಗೆ ಬರುತ್ತಾನೆ. ವಾಡಿಕೆಯ ಸ್ಥಿತಿಯ ಪ್ರಧಾನ ಭಾಗದಲ್ಲಿ ಅವಳು ಗೃಹಕೃತ್ಯದವಳು, ಕಾರ್ಮಿಕ ಪಡೆಯ ಹೊರಗೆ. ಆದರೆ ವರ್ಷದಲ್ಲಿ ಮೂವತ್ತು ದಿನ ಮೀರಿ ದುಡಿದಿರುವುದರಿಂದ ಪೂರಕ ಭಾಗ ಅವಳನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನ್ನೂ ಕೂಡಿಸಿದ ಪ್ರಸಿದ್ಧ ಅಂಕಿಯಲ್ಲಿ ಅವಳು ಇಡೀ ವರ್ಷದ ಉದ್ಯೋಗಸ್ಥೆ. ವಾರದ ಸ್ಥಿತಿ ಅವಳ ಬಾಯಿಂದ ಬರುವ ಒಂದು ವಾಕ್ಯವನ್ನು ಕಾಯುತ್ತದೆ. ‘ಕೂಲಿ ಸಿಕ್ಕರ ಹೋಗ್ತೀನ್ರಿ’ ಎಂದರೆ ನಿರುದ್ಯೋಗಿ. ‘ಈಗ ಮನ್ಯಾಗ ಇರ್ತೀನ್ರಿ’ ಎಂದರೆ ಪಡೆಯ ಹೊರಗೆ. ಬದುಕು ಒಂದೇ, ಸ್ಥಾನ ಮೂರು. ಪ್ರಶ್ನೆಗೆ ಉತ್ತರಿಸಿದವರು ಅವಳ ಅತ್ತೆಯಾಗಿದ್ದರೆ, ಸಮೀಕ್ಷೆಯಲ್ಲಿ ಹಾಗಾಗುವುದು ಅಪರೂಪವೇನಲ್ಲ, ಎರಡನೆಯ ವಾಕ್ಯವೇ ದಾಖಲಾಗುವ ಸಂಭವ ಹೆಚ್ಚು.

ದೇಶದ ಅಂಕಿಗಳಲ್ಲಿಯೂ ಈ ಅಂತರ ಕಾಣುತ್ತದೆ. ಹದಿನೈದು ಮೀರಿದವರಲ್ಲಿ ವಾಡಿಕೆಯ ಸ್ಥಿತಿಯ ನಿರುದ್ಯೋಗ ದರ 2023–24ರಲ್ಲಿ ಶೇಕಡಾ 3.2, ಅದೇ ವರ್ಷ ವಾರದ ಸ್ಥಿತಿಯ ದರ ಶೇಕಡಾ 4.9. ಮೊದಲನೆಯದು 2017–18ರಲ್ಲಿ ಶೇಕಡಾ 6ರಷ್ಟಿತ್ತು. ಈ ಇಳಿಕೆಯನ್ನು ಮೆಚ್ಚುವ ಮೊದಲು ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೇ ಅವಧಿಯಲ್ಲಿ ಕಾರ್ಮಿಕ ಪಡೆಯಲ್ಲಿ ಹೆಂಗಸರ ಪಾಲುಗೊಳ್ಳುವಿಕೆ ಶೇಕಡಾ 23.3ರಿಂದ 41.7ಕ್ಕೆ ಏರಿತು; ಏರಿಕೆಯ ದೊಡ್ಡ ಭಾಗ ಹಳ್ಳಿಗಳದು, ಅದರಲ್ಲೂ ಸ್ವಂತ ಕಸುಬು ಮತ್ತು ಸಂಬಳವಿಲ್ಲದ ಕುಟುಂಬದ ದುಡಿಮೆಯದು. ಹೆಂಗಸರು ಹೊಸದಾಗಿ ದುಡಿಯತೊಡಗಿದರೋ, ಮೊದಲಿನಿಂದ ದುಡಿಯುತ್ತಿದ್ದುದನ್ನು ಗಣತಿದಾರ ಹೊಸದಾಗಿ ಕಂಡನೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ಒಂದು ಮಾತ್ರ ಗಟ್ಟಿ: ಬಡವರಿಗೆ ನಿರುದ್ಯೋಗಿಯಾಗಿರುವುದು ಕೈಗೆಟುಕದ ಐಷಾರಾಮ. ವರ್ಷದಲ್ಲಿ ಮೂವತ್ತು ದಿನವೂ ದುಡಿಯದೆ ಕಾದು ಕುಳಿತುಕೊಳ್ಳಬಲ್ಲವರು ಯಾರದೋ ಅನ್ನದ ಆಸರೆ ಇರುವವರು. ಪದವೀಧರರಲ್ಲಿ ಈ ದರ ಅನಕ್ಷರಸ್ಥರದಕ್ಕಿಂತ ಹಲವು ಪಟ್ಟು ಹೆಚ್ಚಿರುವುದಕ್ಕೆ, ಬಡ ಪ್ರದೇಶಗಳ ದರ ಎಷ್ಟೋ ಸಲ ಅನುಕೂಲಸ್ಥ ಪ್ರದೇಶಗಳಿಗಿಂತ ಕಡಿಮೆ ಕಾಣುವುದಕ್ಕೆ ಇದೇ ಮುಖ್ಯ ಕಾರಣ. ದರ ಕಡಿಮೆಯೆಂದರೆ ಸ್ಥಿತಿ ಚೆನ್ನಾಗಿದೆ ಎಂದು ಓದುವುದು ತಪ್ಪು ಓದು.

ಇದುವರೆಗಿನದು ಪ್ರತಿಯೋಗಿಯ ಮಾತು. ಅನುಯೋಗಿಯದು ಬೇರೆಯೇ ಕಷ್ಟ. ‘ಇಲ್ಲಿ ಇಲ್ಲ’ ಎನ್ನುವಾಗ ಆ ‘ಇಲ್ಲಿ’ ಎಲ್ಲಿಯವರೆಗೆ? ಬ್ರಿಟನ್ನಿನ ಅಂಕಿಅಂಶ ಇಲಾಖೆ ಇದಕ್ಕೆ ಆಡಳಿತದ ಗಡಿಗಳನ್ನು ನಂಬದೆ, ಜನ ದಿನವೂ ಕೆಲಸಕ್ಕೆ ಓಡಾಡುವ ಜಾಡನ್ನು ಹಿಡಿದು ಪ್ರದೇಶಗಳನ್ನು ಗುರುತಿಸುತ್ತದೆ. ಸ್ಥೂಲವಾಗಿ, ಅಲ್ಲಿ ವಾಸಿಸುವ ದುಡಿಮೆಗಾರರಲ್ಲಿ ಮುಕ್ಕಾಲು ಪಾಲು ಅಲ್ಲೇ ದುಡಿಯಬೇಕು, ಅಲ್ಲಿ ದುಡಿಯುವವರಲ್ಲಿ ಮುಕ್ಕಾಲು ಪಾಲು ಅಲ್ಲೇ ವಾಸಿಸಬೇಕು; ಆಗ ಅದು ಒಂದು ಕಾರ್ಮಿಕ ಮಾರುಕಟ್ಟೆ. ಈ ಅಳತೆಯನ್ನು ರಾಯಚೂರು, ಯಾದಗಿರಿಗಳಿಗೆ ಹಿಡಿದರೆ ಫಲಿತಾಂಶ ವಿಚಿತ್ರವಾಗಿರುತ್ತದೆ. ಅಲ್ಲಿನ ಹಳ್ಳಿಗಳ ಕೂಲಿ ಮಾರುಕಟ್ಟೆಯ ಒಂದು ತುದಿ ಊರ ಹೊಲದಲ್ಲಿದೆ, ಇನ್ನೊಂದು ಬೆಂಗಳೂರಿನ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ, ಹೈದರಾಬಾದ್, ಪುಣೆ, ಮುಂಬಯಿ, ಗೋವೆಗಳಲ್ಲಿದೆ. ನಡುವಿನ ನೂರಾರು ಮೈಲಿ ಆ ಮಾರುಕಟ್ಟೆಯಲ್ಲಿಲ್ಲ. ಈ ಹೋಗಿ ಬರುವಿಕೆಗೆ ಗುಳೆ ಎಂದು ಹೆಸರು. ವಲಸೆ ಹೋದವರು ನೆಲೆ ಬದಲಿಸುತ್ತಾರೆ. ಗುಳೆ ಹೋದವರು ಮುಂಗಾರಿಗೆ ತಿರುಗಿ ಬರುತ್ತಾರೆ.

ಗುಳೆ ಹೋದವನು ಯಾವ ಊರಿನ ಲೆಕ್ಕಕ್ಕೆ ಸೇರಬೇಕು? ಸಮೀಕ್ಷೆಯ ನಿಯಮದಲ್ಲಿ, ಆರು ತಿಂಗಳೊಳಗೆ ಮರಳುವ ನಿರೀಕ್ಷೆಯಿದ್ದರೆ ಅವನು ಊರ ಮನೆಯ ಸದಸ್ಯ. ಅವನ ವಾರದ ಕೆಲಸವನ್ನು ಊರಲ್ಲಿ ಉಳಿದ ಮುದುಕರು ಹೇಳಬೇಕು. ಅವನು ಬೆಂಗಳೂರಿನಲ್ಲಿ ಸಿಮೆಂಟು ಹೊರುತ್ತಿದ್ದರೆ ಆ ಉದ್ಯೋಗ ರಾಯಚೂರಿನ ಉದ್ಯೋಗವಾಗಿ ದಾಖಲಾಗುತ್ತದೆ. ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಹೋಗಿದ್ದರೆ ಆ ಮನೆ ಮಾದರಿಗೇ ಸಿಗುವುದಿಲ್ಲ. ಶೆಡ್ಡಿನಲ್ಲಿಯೂ ಅವರನ್ನು ಯಾರೂ ಕೇಳದೇ ಹೋಗಬಹುದು. ಹೀಗೆ ಒಂದು ಪ್ರದೇಶದಲ್ಲಿ ಕೆಲಸವಿಲ್ಲದಿರುವುದೇ ಆ ಪ್ರದೇಶದ ನಿರುದ್ಯೋಗ ದರವನ್ನು ಇಳಿಸುತ್ತದೆ. ಕೆಲಸವಿಲ್ಲದವರು ಅಲ್ಲಿ ಇಲ್ಲ, ಆದ್ದರಿಂದ ಅಲ್ಲಿ ಕೆಲಸವಿಲ್ಲದವರಿಲ್ಲ.

ಗೆರೆ ಎಳೆಯುವ ಕಷ್ಟಕ್ಕೆ ಮಾದರಿಯ ಗಾತ್ರದ ಕಷ್ಟವೂ ಸೇರುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆ ಬಹುಕಾಲ ಕರ್ನಾಟಕವನ್ನು ನಾಲ್ಕು ವಲಯಗಳಾಗಿ ಮಾತ್ರ ನೋಡಿತು: ಕರಾವಳಿ ಮತ್ತು ಘಟ್ಟ, ಪೂರ್ವದ ಒಳನಾಡು, ದಕ್ಷಿಣದ ಒಳನಾಡು, ಉತ್ತರದ ಒಳನಾಡು. ಈ ಕೊನೆಯದರಲ್ಲಿ ಬೆಳಗಾವಿಯ ಕಬ್ಬಿನ ಹೊಲವೂ ಕಲಬುರಗಿಯ ತೊಗರಿ ಹೊಲವೂ ಒಂದೇ. ಆದರೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕನ್ನೇ ಘಟಕವಾಗಿ ಹಿಡಿದು 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. ಬೆಳಗಾವಿಯನ್ನೂ ಕಲಬುರಗಿಯನ್ನೂ ಕೂಡಿಸಿ ಸರಾಸರಿ ತೆಗೆದರೆ ಕಾಣೆಯಾಗುವುದು ಈ ವ್ಯತ್ಯಾಸವೇ. 2025ರ ಜನವರಿಯಿಂದ ಪಿಎಲ್‌ಎಫ್‌ಎಸ್ ತನ್ನ ವಿನ್ಯಾಸವನ್ನು ಬದಲಿಸಿ, ಬಹುಪಾಲು ಜಿಲ್ಲೆಯನ್ನು ಮೂಲ ಘಟಕ ಮಾಡಿಕೊಂಡಿದೆ. ಮಾದರಿ 2,72,304 ಮನೆಗಳಿಗೆ ಏರಿದೆ. ತಿಂಗಳ ಅಂಕಿಗಳೂ ಬರತೊಡಗಿವೆ. ಮೊದಲನೆಯದು, 2025ರ ಏಪ್ರಿಲ್‌ನದು, ವಾರದ ಸ್ಥಿತಿಯಲ್ಲಿ ಶೇಕಡಾ 5.1.

ದೊಡ್ಡ ಮಾದರಿಯೇ ಸರಿ. ಆದರೂ ದೇಶದ ಏಳುನೂರೆಂಬತ್ತರ ಆಸುಪಾಸಿನ ಜಿಲ್ಲೆಗಳಿಗೆ ಅದನ್ನು ಸಮನಾಗಿ ಹಂಚಿದರೆ ಒಂದು ಜಿಲ್ಲೆಗೆ ಬರುವುದು ಸುಮಾರು 350 ಮನೆ. ಅವುಗಳಲ್ಲಿ ಕಾರ್ಮಿಕ ಪಡೆಗೆ ಸೇರಿದವರು 600 ಜನ ಎಂದಿಟ್ಟುಕೊಳ್ಳಬಹುದು. ನಿರುದ್ಯೋಗ ಶೇಕಡಾ 3 ಇದ್ದರೆ ಗಣತಿದಾರನಿಗೆ ಸಿಗುವ ನಿರುದ್ಯೋಗಿಗಳು 18 ಮಂದಿ. ಹದಿನೆಂಟು ಜನರ ಮೇಲೆ ಜಿಲ್ಲೆಯ ದರ ನಿಲ್ಲುತ್ತದೆ. ಸರಳ ಯಾದೃಚ್ಛಿಕ ಮಾದರಿಯ ಸೂತ್ರದ ಪ್ರಕಾರವೇ ನಿಜವಾದ ದರ ಸುಮಾರು ಶೇಕಡಾ 1.6ರಿಂದ 4.4ರ ನಡುವೆ ಎಲ್ಲಿಯಾದರೂ ಇರಬಹುದು. ಆಯ್ದ ಹಳ್ಳಿಗಳಲ್ಲಿ ಗುಂಪುಗುಂಪಾಗಿ ಮನೆಗಳನ್ನು ಹಿಡಿಯುವುದರಿಂದ ವಾಸ್ತವದ ಅಂತರ ಇನ್ನೂ ಅಗಲ. ಅಂದಮೇಲೆ ‘ಆ ಜಿಲ್ಲೆಯಲ್ಲಿ ನಿರುದ್ಯೋಗ 3ರಿಂದ 4ಕ್ಕೆ ಏರಿತು’ ಎಂಬ ಸುದ್ದಿಗೆ ಆರು ಮಂದಿಯ ಉತ್ತರ ಬದಲಾದರೆ ಸಾಕು.

ಸಮೀಕ್ಷೆಯಾಚೆಗೆ ಕಚೇರಿಗಳ ದಾಖಲೆಗಳೂ ಎಣಿಸುತ್ತವೆ, ಪ್ರತಿಯೊಂದೂ ತನ್ನದೇ ಮಡಕೆಯನ್ನು. ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ ಪುಸ್ತಕದಲ್ಲಿ ಕೆಲಸ ಸಿಕ್ಕಮೇಲೂ ಹೆಸರು ತೆಗೆಸದವರು ಇರುತ್ತಾರೆ. ಒಮ್ಮೆಯೂ ಆ ಮೆಟ್ಟಿಲು ಹತ್ತದವರು ಇರುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ವಿಷಯವನ್ನು ಬೇರೆ ದಿಕ್ಕಿನಿಂದ ಹಿಡಿಯಿತು: ಅರ್ಜಿ ಕೊಟ್ಟು ಕೆಲಸ ಕೇಳಿದವನಿಗೆ ಹದಿನೈದು ದಿನದಲ್ಲಿ ಕೆಲಸ ಸಿಗದಿದ್ದರೆ ಭತ್ಯೆಯ ಹಕ್ಕು. ಅಭಾವಕ್ಕೆ ದಿನಾಂಕವುಳ್ಳ ಸಾಕ್ಷಿಪತ್ರ ಸಿಕ್ಕಿದ್ದು ಅಲ್ಲಿ ಮಾತ್ರ. ಅರ್ಜಿಗೆ ಸ್ವೀಕೃತಿ ಕೊಟ್ಟರೆ ಎಂಬುದು ಬೇರೆ ಮಾತು. ಕರ್ನಾಟಕದ ಯುವನಿಧಿ ಯೋಜನೆ, 2024ರ ಜನವರಿಯಿಂದ ಹಣ ಕೊಡತೊಡಗಿದ್ದು, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದಿತು, ಎರಡು ವರ್ಷದ ಮಿತಿಯೊಳಗೆ. ಅದರ ಕಣ್ಣಿಗೆ ನಿರುದ್ಯೋಗವೆಂದರೆ ಪ್ರಾಗಭಾವವೊಂದೇ. ಮುಚ್ಚಿದ ಗಿರಣಿಯ ನಲವತ್ತರ ಕಾರ್ಮಿಕನಿಗೆ ಅಲ್ಲಿ ಜಾಗವಿಲ್ಲ.

ಎಣಿಕೆಯ ಕಷ್ಟಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಕೆಲಸವೆಂದರೆ ಏನು ಎಂಬಲ್ಲಿ. ಅಮರ್ತ್ಯ ಸೇನ್ 1975ರ ತಮ್ಮ ಪುಸ್ತಕದಲ್ಲಿ ಉದ್ಯೋಗಕ್ಕೆ ಮೂರು ಮುಖಗಳನ್ನು ಗುರುತಿಸಿದರು: ಅದರಿಂದ ಆದಾಯ ಬರುತ್ತದೆ, ಏನೋ ಒಂದು ಉತ್ಪತ್ತಿಯಾಗುತ್ತದೆ, ಉಪಯುಕ್ತವಾದುದರಲ್ಲಿ ತೊಡಗಿದ್ದೇನೆಂಬ ಮನ್ನಣೆ ಸಿಗುತ್ತದೆ. ಮೂರೂ ಒಟ್ಟಿಗೆ ಇರಬೇಕೆಂದಿಲ್ಲ. ತೊಗರಿ ಹೊಲದ ಆ ಪದವೀಧರನಿಗೆ ಕುಟುಂಬದ ಅನ್ನದಲ್ಲಿ ಪಾಲಿದೆ, ಅವನ ದುಡಿಮೆಯಿಂದ ಅಷ್ಟಿಷ್ಟು ಬೆಳೆಯೂ ಇದೆ, ಇಲ್ಲದಿರುವುದು ಮನ್ನಣೆ. ಕೂಲಿ ಹೆಂಗಸಿಗೆ ಮನೆಯಲ್ಲಿ ಉತ್ಪತ್ತಿ ಬೆಟ್ಟದಷ್ಟು. ಆದಾಯವೂ ಇಲ್ಲ, ಮನ್ನಣೆಯೂ ಇಲ್ಲ. ವಿಯೆನ್ನಾದ ಸಮೀಪದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ನೇಯ್ಗೆ ಗಿರಣಿ ಮುಚ್ಚಿದ ಮೇಲೆ ಮಾರಿ ಯಹೋಡ ಮತ್ತು ಸಂಗಡಿಗರು ನಡೆಸಿ 1933ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಗೆಯ ಅಳತೆಯನ್ನು ತೋರಿಸಿತು. ಅವರು ಬೀದಿಯಲ್ಲಿ ನಡೆಯುವವರ ವೇಗವನ್ನೇ ಅಳೆದರು. ಕೆಲಸ ಹೋದ ಗಂಡಸರು ನಿಧಾನವಾಗಿ, ನಿಂತು ನಿಂತು ನಡೆಯುತ್ತಿದ್ದರು. ಗ್ರಂಥಾಲಯಕ್ಕೆ ಬೇಕಾದಷ್ಟು ಹೊತ್ತಿದ್ದರೂ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಅದೇ ಗಿರಣಿಯಲ್ಲಿ ಕೆಲಸ ಕಳೆದುಕೊಂಡ ಹೆಂಗಸರು ಬೇಗ ಬೇಗ ಹೋಗುತ್ತಿದ್ದರು. ಅವರ ಸಂಬಳ ಹೋಗಿತ್ತು, ಒಲೆ ಹೋಗಿರಲಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಗೆ ಅತ್ಯಂತ ಆಳವಾದ ಉತ್ತರ ಬಂದದ್ದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಇದೇ ಊರಿನ ಹೆಸರನ್ನು 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಇಡಲಾಯಿತು. ಶರಣರ ಕಾಯಕ ತತ್ತ್ವದಲ್ಲಿ ಮೈಮುರಿದು ಮಾಡಿದ ಪ್ರಾಮಾಣಿಕ ದುಡಿಮೆಯೆಲ್ಲ ಕಾಯಕವೇ. ಅದರಲ್ಲಿ ಮೇಲು ಕೀಳಿಲ್ಲ. ಬೇಡಿ ತಿನ್ನುವುದು ಕಾಯಕವಲ್ಲ. ಬಂದದ್ದರಲ್ಲಿ ಅಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ದಾಸೋಹಕ್ಕೆ ಕೊಡಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ನೂಲುವ ಕದಿರ ರೆಮ್ಮವ್ವೆ: ಹೆಸರಿನೊಡನೆಯೇ ಕಸುಬು ಬರುವಷ್ಟು ಅಲ್ಲಿ ದುಡಿಮೆಗೆ ಮನ್ನಣೆ. ಸೇನ್ ಹೇಳಿದ ಮೂರನೆಯ ಮುಖ ಇಲ್ಲಿ ಮೊದಲನೆಯದು.

ಆದರೆ ಕಾಯಕ ತತ್ತ್ವಕ್ಕೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕಾಯಕ ಬೇಕೆಂದು ಬಯಸಿಯೂ ಕಾಯಕ ಸಿಗದವನು ಅದರ ಕಣ್ಣೆದುರು ಇರಲಿಲ್ಲ. ಹೊಳೆಯಿದ್ದರೆ ಅಂಬಿಗನಿಗೆ ಕೆಲಸ ಇದ್ದೇ ಇರುತ್ತದೆ ಎಂಬ ಜಗತ್ತಿನ ತತ್ತ್ವ ಅದು. ಹೀಗಾಗಿ ಕೆಲಸವಿಲ್ಲದಿರುವಿಕೆ ಅಲ್ಲಿ ಸೋಮಾರಿತನವಾಗಿ, ನೈತಿಕ ದೋಷವಾಗಿ ಮಾತ್ರ ಕಾಣುತ್ತದೆ. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರಿಜ್ 1909ರಲ್ಲಿ ಬರೆದ ಗ್ರಂಥ ನಿರುದ್ಯೋಗವನ್ನು ಮನುಷ್ಯನ ದೋಷದ ಸಾಲಿನಿಂದ ತೆಗೆದು ಕೈಗಾರಿಕೆಯ ಸಮಸ್ಯೆಗಳ ಸಾಲಿಗೆ ಸೇರಿಸಿತು. ಆ ದಾಟುವಿಕೆಯನ್ನು ಮರೆತು, ಕೆಲಸ ಸಿಗದ ಇಂದಿನ ಹುಡುಗರ ಮುಂದೆ ಕಾಯಕದ ಉಪದೇಶ ಮಾಡುವುದು ಶರಣರಿಗೂ ಹುಡುಗರಿಗೂ ಮಾಡುವ ಅನ್ಯಾಯ.

ಮಿತಿಯನ್ನು ಒಪ್ಪಿಕೊಂಡ ಮೇಲೂ ಕಲ್ಯಾಣದ ಮನೆಗಳಿಗೆ ಇಂದಿನ ಪ್ರಶ್ನಾವಳಿಯನ್ನು ಒಯ್ದರೆ ಪ್ರಶ್ನಾವಳಿಯ ಸ್ವರೂಪ ಬಯಲಾಗುತ್ತದೆ. ಸೌದೆಯನ್ನು ಮಾರುವ ಮಾರಯ್ಯ ಸ್ವಂತ ಕಸುಬಿನವನು, ಸಂಕೇತ 11. ಅದೇ ಸೌದೆಯನ್ನು ಮನೆಯ ಒಲೆಗೆ ತಂದರೆ ಅವನು ಕಾರ್ಮಿಕ ಪಡೆಯಲ್ಲೇ ಇಲ್ಲ. ನೂಲನ್ನು ಪೇಟೆಗೆ ಕೊಟ್ಟರೆ ರೆಮ್ಮವ್ವೆ ಕೆಲಸಗಾರ್ತಿ, ಮನೆಬಳಕೆಗೆ ಇಟ್ಟುಕೊಂಡರೆ ಗೃಹಿಣಿ. ತಮಾಷೆಯೆಂದರೆ, ದೇಶದ ಉತ್ಪನ್ನವನ್ನು ಲೆಕ್ಕಹಾಕಲು ವಿಶ್ವಸಂಸ್ಥೆ ರೂಪಿಸಿದ ಪದ್ಧತಿ ಮನೆಗೆಂದು ಆಯ್ದ ಉರುವಲನ್ನೂ ಉತ್ಪಾದನೆಯೆಂದೇ ಒಪ್ಪುತ್ತದೆ. ಸೌದೆ ಉತ್ಪನ್ನ, ಆಯ್ದವಳು ಮಾತ್ರ ಕೆಲಸಗಾರ್ತಿಯಲ್ಲ. ಭಿಕ್ಷೆ ಬೇಡುವವನ ವಿಷಯದಲ್ಲಿ ಮಾತ್ರ ಶರಣರೂ ಸಮೀಕ್ಷೆಯೂ ಒಂದೇ ದಾರಿ: ‘ಇತರೆ’ ಎಂಬ ಸಂಕೇತ 97ರಲ್ಲಿ ಅವನನ್ನು ಇಟ್ಟು ಪಡೆಯಿಂದ ಹೊರಗಿಡಲಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ಗಂಡಹೆಂಡಿರ ಕಾಯಕ. ಒಂದು ದಿನ ಆಕೆಯ ಗಂಡ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳು. ಕಾಯಕದ ಲೆಕ್ಕದಲ್ಲಿ ಇದಕ್ಕಿಂತ ಎತ್ತರದ ದುಡಿಮೆ ಇಲ್ಲ. 2013ರ ಕಾರ್ಮಿಕ ಅಂಕಿಸಂಖ್ಯಾತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ, ಇತರರಿಗಾಗಲಿ ತನಗಾಗಲಿ ಬೇಕಾದ ಸರಕು ಸೇವೆಗಳನ್ನು ಒದಗಿಸುವ ಚಟುವಟಿಕೆಯೆಲ್ಲ ಕೆಲಸವೆಂದು ವ್ಯಾಖ್ಯೆ ವಿಸ್ತರಿಸಿದ ಮೇಲೆ ಲಕ್ಕಮ್ಮನದು ಅಂಕಿಸಂಖ್ಯಾಶಾಸ್ತ್ರದ ಮಾತಿನಲ್ಲಿಯೂ ಕೆಲಸವಾಯಿತು. ಆದರೆ ಅದೇ ಸಮ್ಮೇಳನ ಉದ್ಯೋಗವೆಂಬ ಪದವನ್ನು ಸಂಬಳ ಅಥವಾ ಲಾಭಕ್ಕಾಗಿ ಮಾಡುವುದಕ್ಕೆ ಮಾತ್ರ ಮೀಸಲಿಟ್ಟಿತು. ನಿರುದ್ಯೋಗದ ದರ ಲೆಕ್ಕವಾಗುವುದು ಆ ಪದದ ಮೇಲೆ. ಭಾರತದ ಪ್ರಶ್ನಾವಳಿಯಲ್ಲಿ ಮನೆಗೆಲಸದ ಜೊತೆಗೆ ಸೊಪ್ಪು, ಉರುವಲು, ಮೇವು ಮೊದಲಾದುವನ್ನು ಬಿಟ್ಟಿಯಾಗಿ ಆಯ್ದು ತರುವವರಿಗೆ ಒಂದು ಸಾಲಿದೆ. ಅದರ ಸಂಕೇತ ಸಂಖ್ಯೆ 93. ಆ ಸಾಲಿನವರು ಉದ್ಯೋಗಸ್ಥರೂ ಅಲ್ಲ, ನಿರುದ್ಯೋಗಿಗಳೂ ಅಲ್ಲ.